ನನ್ನ ನಂಬರಿಗೆ ಬಂದ ಆರು ಅಂಕಿಗಳು

ಒಂಬತ್ತು ಹುಡುಗಿಯರ ಅರ್ಜಿಗಳಲ್ಲಿ ನಾನು ನನ್ನ ಮೊಬೈಲ್ ನಂಬರ್ ಬರೆಸಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಆಗ ನಾನು ಮಹಾರಾಷ್ಟ್ರದ ಗಡಿಯಲ್ಲಿ, ಶಿರಗುಪ್ಪಿಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಿದ್ಯಾರ್ಥಿವೇತನದ ಅರ್ಜಿಗಳು ಕಾಗದ ಬಿಟ್ಟು ಕಂಪ್ಯೂಟರಿಗೆ ಹೋದ ಮೊದಲ ವರ್ಷಗಳವು. ಪ್ರತಿ ಅರ್ಜಿಗೂ ಒಂದು ಇ-ಮೇಲ್, ಒಂದು ಮೊಬೈಲ್ ನಂಬರ್ ಬೇಕಿತ್ತು.

ಹುಡುಗಿಯರ ಕೈಯಲ್ಲಿ ಫೋನ್ ಇರಲಿಲ್ಲ. ಅವರ ಅಪ್ಪಂದಿರ ಹತ್ತಿರ ಎರಡೆರಡು ಸಿಮ್ ಇರುತ್ತಿದ್ದವು, ಒಂದು ಕರ್ನಾಟಕದ್ದು, ಇನ್ನೊಂದು ಮಹಾರಾಷ್ಟ್ರದ್ದು. ಹೊಲದ ಈ ಬದುವಿನ ಮೇಲೆ ನಿಂತರೆ ಒಂದು ರಾಜ್ಯದ ಟವರ್ ಸಿಗುತ್ತಿತ್ತು, ಆ ಬದುವಿಗೆ ಹೋದರೆ ಇನ್ನೊಂದರದ್ದು. ರೋಮಿಂಗ್ ಬೀಳುತ್ತದೆ ಎಂದು ಅವರು ದಿನಕ್ಕೆ ಎರಡು ಸಲ ಸಿಮ್ ಬದಲಿಸುತ್ತಿದ್ದರು. ಅರ್ಜಿ ತುಂಬುವಾಗ ಓಟಿಪಿ ಬರಬೇಕಾದ ಸಿಮ್ ಯಾರದೋ ಅಂಗಿಯ ಜೇಬಿನಲ್ಲಿ ಸುಣ್ಣದ ಡಬ್ಬಿಯ ಜೊತೆ ಇರುತ್ತಿತ್ತು. ಅರ್ಜಿ ಅಲ್ಲಿಗೇ ನಿಲ್ಲುತ್ತಿತ್ತು. ಕಾಗವಾಡದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡವನು ಮೂರನೆಯ ದಿನ ಬೇಸತ್ತು, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ ‘ಬಾಯಾರ’ ಎಂದು ಕರೆದು ಹೇಳಿದ:

“ಬಾಯಾರ, ಎಲ್ಲಾರಿಗೂ ನಿಮ್ಮ ನಂಬರ್ ಹಾಕಿಬಿಡ್ರಿ. ಇವರಪ್ಪಗೋಳ ಸಿಮ್ ಯಾವ ರಾಜ್ಯದಾಗ ಐತಿ ಅಂತ ಹುಡುಕೂದ ನನ್ನ ಕೆಲಸ ಆಗೈತಿ. ನೀವಂತೂ ಎಲ್ಲೂ ಓಡಿ ಹೋಗಂಗಿಲ್ಲ.”

ಹುಡುಗಿಯರು ನಕ್ಕರು. ನಾನು ನಂಬರ್ ಹೇಳಿದೆ. ಇ-ಮೇಲ್‌ಗಳನ್ನು ಅವನೇ ಅದೇ ನಂಬರಿಗೆ ಸೇರಿಸಿ ಮಾಡಿದ. ಒಂಬತ್ತಕ್ಕೂ ಒಂದೇ ಪಾಸ್‌ವರ್ಡ್ ಇಟ್ಟ.

ಅದಾದ ಮೇಲೆ ನಾನು ತರಗತಿಯಲ್ಲಿ ಕಂಪ್ಯೂಟರಿನ ಪಾಠ ಮಾಡುವಾಗ, ಪಾಸ್‌ವರ್ಡ್ ಬದಲಿಸಿಕೊಳ್ಳಿ, ಅದನ್ನು ಯಾರಿಗೂ ಹೇಳಬೇಡಿ ಎಂದೆ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, “ಅಪ್ಪಗೂ ಹೇಳಬಾರದೇನ್ರಿ ಟೀಚರ್?” ಎಲ್ಲರೂ ನಕ್ಕರು. “ಅಪ್ಪಗೂ ಹೇಳಬಾರದವಾ” ಎಂದೆ. ಒಂಬತ್ತು ಜನರಲ್ಲಿ ಪಾಸ್‌ವರ್ಡ್ ಬದಲಿಸಿದವಳು ಅವಳೊಬ್ಬಳೇ. ಈ ಬರಹ ಅವಳ ವಿಷಯ.

ಆ ಕಾಲದಲ್ಲಿ ನಮ್ಮ ಶಿಕ್ಷಕರ ಕೋಣೆಯಲ್ಲಿ ಇಂಥ ಮಾತು ಆಗಾಗ ಬರುತ್ತಿತ್ತು. ದೊಡ್ಡ ಕಂಪನಿಗಳು ನಾವು ಏನು ನೋಡುತ್ತೇವೆ, ಎಲ್ಲಿ ಹೋಗುತ್ತೇವೆ ಎಲ್ಲವನ್ನೂ ಕೂಡಿಟ್ಟುಕೊಳ್ಳುತ್ತವೆ ಎಂದು ಪತ್ರಿಕೆಯಲ್ಲಿ ಓದಿ ಒಂದು ದಿನ ನಾನು ಹೇಳಿದೆ. ಹಿಂದಿ ಕಲಿಸುವ ಸರ್ ಡಬ್ಬಿ ಬಿಚ್ಚುತ್ತಿದ್ದರು.

“ಅಮೆರಿಕಾದಾಗ ಕುಂತಾಂವ ನಮ್ಮ ಝುಣಕಾ ಭಾಕ್ರಿ ನೋಡಿ ಏನ್ ಮಾಡ್ತಾನ್ರಿ ಬಾಯಾರ? ನೋಡ್ಲಿ ಬಿಡ್ರಿ, ಬಾಯಾಗ ನೀರ ಬರ್ಲಿ ಅವಗ. ಮುಚ್ಚಿಡೂದು ಇದ್ದಾರು ಅಂಜಬೇಕು. ನಮ್ಮ ಹತ್ರ ಏನೈತಿ?”

ಎಲ್ಲರ ಜೊತೆ ನಾನೂ ನಕ್ಕೆ. ಅಪಾಯವೆಂಬುದು ಇದ್ದರೆ ಅದು ಸಮುದ್ರದಾಚೆ, ಮುಖ ಕಾಣದ ಯಾರದೋ ಕೈಯಲ್ಲಿದೆ ಎಂದು ನಾನೂ ತಿಳಿದಿದ್ದೆ.

ಆ ಹುಡುಗಿ ಹತ್ತನೆಯದರಲ್ಲಿ, ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದು ಅಥಣಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಸೇರಿದಳು. ಅವರ ಮನೆತನದಲ್ಲಿ ಹನ್ನೆರಡನೆಯದರ ನಂತರ ಓದಿದ ಹೆಣ್ಣು ಅವಳೇ ಮೊದಲು. ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಅವಳ ಕಾಕಾನದು. ಅವಳ ಅಪ್ಪ ಅಣ್ಣನಾದರೂ ತಮ್ಮನ ಮುಖ ನೋಡಿಯೇ ಮಾತಾಡುವ ಮನುಷ್ಯ. ಬಸ್ಸಿನಲ್ಲಿ ಓಡಾಡುವ ಹುಡುಗಿಗೆ ಇರಲಿ ಎಂದು ಕಾಕಾ ತಮ್ಮ ಮಗನ ಹಳೆಯ ಫೋನನ್ನು ಕೊಟ್ಟರು. ಫೋನ್ ಶುರುವಾಗಲು ಒಂದು ಇ-ಮೇಲ್ ಕೇಳಿತು. ಹುಡುಗಿ ತನಗಿದ್ದ ಒಂದೇ ಇ-ಮೇಲ್ ಹಾಕಿದಳು, ಅರ್ಜಿಗೆಂದು ಸೆಂಟರಿನವನು ಮಾಡಿದ್ದನ್ನು.

ಎರಡನೆಯ ವರ್ಷದಲ್ಲಿ ಒಂದು ದಿನ ಊರಿನವರೊಬ್ಬರು ಅವಳನ್ನು ಮಿರಜಿನಲ್ಲಿ ನೋಡಿದೆ ಎಂದರು. ನಮ್ಮೂರಿನಿಂದ ಕಾಗವಾಡಕ್ಕೆ ಬಂದ ಮೇಲೆ ಅಥಣಿಯ ದಾರಿ ಒಂದು ಕಡೆ, ಮಿರಜಿನ ದಾರಿ ಅದರ ವಿರುದ್ಧ. ಮನೆಯಲ್ಲಿ ಕೇಳಿದಾಗ ಅವಳು ಕಾಲೇಜಿಗೇ ಹೋಗಿದ್ದೆ ಎಂದಳು. ಕಾಕಾ ಫೋನ್ ಕೇಳಿದರು. ಕೊಡುವ ಮೊದಲು ಅವಳು ಅದರಲ್ಲಿದ್ದ ಎಲ್ಲವನ್ನೂ ಅಳಿಸಿದಳು. ಅಳಿಸಿದ ಮೇಲೆ ಫೋನ್ ಮತ್ತೆ ಆ ಇ-ಮೇಲಿನ ಪಾಸ್‌ವರ್ಡ್ ಕೇಳಿತು. ಮರೆತಿದ್ದೇನೆ ಎಂದಳು. ಕಾಕಾ ಆ ಫೋನ್ ಹಿಡಿದು ಸೆಂಟರಿಗೆ ಹೋದರು. ಅವನು ಸಂತೋಷದಿಂದಲೇ ಎಲ್ಲ ವಿವರಿಸಿದನಂತೆ: ಫೋನಿನಲ್ಲಿ ಅಳಿಸಿದರೂ ಕಂಪನಿಯ ಹತ್ತಿರ ಉಳಿದಿರುತ್ತದೆ, ಫೋನ್ ಯಾವ ದಿನ ಎಲ್ಲಿತ್ತು ಎಂಬ ನಕ್ಷೆ ಕೂಡ ಆ ಮೇಲ್‌ನಲ್ಲಿ ಇರುತ್ತದೆ, ಪಾಸ್‌ವರ್ಡ್ ಮರೆತರೆ ಬಾಯಾರ ನಂಬರಿಗೆ ಓಟಿಪಿ ಬರುತ್ತದೆ.

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಅವರು ನಮ್ಮ ಮನೆಗೆ ಬಂದರು. ಕಾಕಾ, ಅಪ್ಪ, ಅವರ ಹಿಂದೆ ಹುಡುಗಿ. ನಾನಿದ್ದದ್ದು ಅವರದೇ ಓಣಿಯಲ್ಲಿ, ಬಾಡಿಗೆ ಮನೆ. ಗಂಡಸರು ಖುರ್ಚಿಯ ಮೇಲೆ ಕುಳಿತರು. ಹುಡುಗಿ ಹೊಸ್ತಿಲ ಪಕ್ಕ ಗೋಡೆಗೆ ಒರಗಿ ನಿಂತಳು. ಕುಳಿತುಕೋ ಎಂದರೂ ಕೂರಲಿಲ್ಲ. ನಾನು ಚಹಾ ಕೊಟ್ಟೆ. ಮಳೆಯ ಮಾತಾಯಿತು, ದ್ರಾಕ್ಷಿಯ ಮಾತಾಯಿತು. ಆಮೇಲೆ ಕಾಕಾ ಕಪ್ಪನ್ನು ಬಸಿಯ ಮೇಲಿಟ್ಟು ಹೇಳಿದರು:

“ಬಾಯಾರ, ನಾವು ಹುಡುಗಿ ಸಾಲಿ ಬಿಡಸಾಕ ಬಂದಿಲ್ಲ. ಆ ಮೇಲ್ ಅಷ್ಟ ತಗದ ನೋಡೂಣು. ಏನೂ ಇಲ್ಲಂದ್ರ ನಾಳಿಂದ ಕಾಲೇಜಿಗೆ ಹೋಗ್ಲಿ. ಇತ್ತಂದ್ರ ಇಲ್ಲಿಗೇ ಬಂದ್. ನಿಮ್ಮ ಮುಂದನ ಹೇಳಾಕತ್ತೇನಿ.”

“ಅಕಿದು ಅಕಿನ್ನ ಕೇಳ್ರಲ್ಲ” ಎಂದೆ.

“ಕೇಳೇವ್ರಿ. ಮರತೀನಿ ಅಂತಾಳ. ನೂರಕ್ಕ ತೊಂಬತ್ತು ಮಾರ್ಕ್ಸ್ ತಗೊಳ್ಳೂ ಹುಡುಗಿ ಒಂದ ಶಬ್ದ ಮರತಾಳಂತ!” ಅವರು ನಗುತ್ತ ಅಣ್ಣನ ಕಡೆ ನೋಡಿದರು. ಅಪ್ಪ ನಗಲಿಲ್ಲ.

ಕೊಡುವುದಿಲ್ಲ ಎಂದರೆ ಒಳಗೆ ಏನೋ ಇದೆ ಎಂದು ನಾನೇ ಒಪ್ಪಿಕೊಂಡಂತೆ. ಕೊಟ್ಟರೆ, ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ. ನಾನು ಹೀಗೆ ಯೋಚಿಸುತ್ತಿರುವಾಗಲೇ ಕಾಕಾ ತಮ್ಮ ಫೋನಿನಲ್ಲಿ, ಸೆಂಟರಿನವನು ತೋರಿಸಿಕೊಟ್ಟ ಜಾಗವನ್ನು ಒತ್ತಿದರು. “ಕಳಿಸೇವ್ರಿ. ಬಂತೇನ ನೋಡ್ರಿ.”

ನಮ್ಮ ಮನೆಯಲ್ಲಿ ಕಿಟಕಿಯ ಹತ್ತಿರ ಮಾತ್ರ ರೇಂಜ್ ಸಿಗುತ್ತಿತ್ತು. ನನ್ನ ಫೋನ್ ಅಲ್ಲೇ ಇತ್ತು. “ಇವತ್ತ ಮುಂಜಾನಿಂದ ರೇಂಜ್ ಇಲ್ಲ” ಎಂದೆ. ಅದು ಸುಳ್ಳು. ಆದರೆ ನಮ್ಮ ಭಾಗದಲ್ಲಿ ಯಾರೂ ಅನುಮಾನಪಡದ ಸುಳ್ಳು. “ಇರ್ಲಿ, ಕುಂದರ್ತೇವಿ” ಎಂದರು ಕಾಕಾ. ಅಷ್ಟರಲ್ಲಿ ಫೋನ್ ಸದ್ದು ಮಾಡಿತು. ನಾಲ್ವರೂ ಕಿಟಕಿಯ ಕಡೆ ನೋಡಿದೆವು.

ನಾನು ಎದ್ದು ಹೋಗಿ ನೋಡಿದೆ. ಆರು ಅಂಕಿಗಳು, ಅವುಗಳ ಕೆಳಗೆ ಇದನ್ನು ಯಾರಿಗೂ ಹೇಳಬೇಡಿ ಎಂಬ ಸಾಲು. ನಾನು ಹುಡುಗಿಯ ಕಡೆ ತಿರುಗಿ ಕೇಳಿದೆ, “ಕೊಡ್ಲೇನವಾ?”

ಅವಳು ನನ್ನನ್ನು ನೋಡಿದಳು. “ಕೊಡ್ರಿ” ಎಂದಳು.

ಅವಳ ಒಪ್ಪಿಗೆ ಕೇಳಿಯೇ ಕೊಟ್ಟೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಪ್ಪ, ಕಾಕಾ ಕುಳಿತಿರುವಾಗ, ಬಾಗಿಲ ಬಳಿ ನಿಂತ ಹತ್ತೊಂಬತ್ತರ ಹುಡುಗಿ ಬೇರೆ ಏನು ಹೇಳಲು ಸಾಧ್ಯವಿತ್ತು ಎಂದು ಆಗ ನಾನು ಯೋಚಿಸಲಿಲ್ಲ. ಅಥವಾ ಯೋಚಿಸಿದ್ದರಿಂದಲೇ ಕೇಳಿದೆನೇನೋ. ಇಲ್ಲ ಎನ್ನುವ ಕೆಲಸ ನನ್ನದಾಗಿತ್ತು, ಅದನ್ನು ಅವಳ ಮೇಲೆ ಹಾಕಿದೆ. ಆಮೇಲೆ ಅಂಕಿಗಳನ್ನು ಒಂದೊಂದಾಗಿ, ತರಗತಿಯಲ್ಲಿ ಬರೆಸುವ ಹಾಗೆ, ನಿಧಾನವಾಗಿ ಓದಿದೆ.

ಮೇಲ್ ತೆರೆಯಿತು. ಫೋಟೋಗಳಿದ್ದವು, ಬಹಳಷ್ಟು ರಸಾಯನಶಾಸ್ತ್ರದ ನೋಟ್ಸ್‌ನವು. ಗೆಳತಿಯರವು ಕೆಲವು. ಒಬ್ಬ ಹುಡುಗನದೂ ಇರಲಿಲ್ಲ. ಕಾಕಾ ಆಮೇಲೆ ನಕ್ಷೆಗೆ ಹೋದರು. ಅದರಲ್ಲಿ ಪ್ರತಿ ದಿನಕ್ಕೂ ಒಂದು ನೀಲಿ ಗೆರೆ. ಊರು, ಕಾಗವಾಡ, ಅಥಣಿ, ಮತ್ತೆ ಊರು. ಮೂರು ದಿನ ಮಾತ್ರ ಗೆರೆ ಮಿರಜಿನ ಕಡೆ ತಿರುಗಿತ್ತು. ಹನ್ನೊಂದೂಕಾಲರಿಂದ ಒಂದೂವರೆಯವರೆಗೆ ಒಂದೇ ಕಡೆ ನಿಂತಿತ್ತು. ಅಲ್ಲಿ ಯಾವ ಕಟ್ಟಡ ಎಂದು ಕಾಕಾ ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಒಂದು ದವಾಖಾನೆ, ಒಂದು ಟಾಕೀಸು, ಒಂದು ಬಟ್ಟೆ ಅಂಗಡಿ, ಎಲ್ಲವೂ ಒತ್ತೊತ್ತಾಗಿ ಇದ್ದವು.

“ಯಾಕ ಹೋಗಿದ್ದಿ ಬೇ?”

“ಗೆಳತಿ ಜೋಡಿ ದವಾಖಾನಿಗೆ.”

“ಮೂರ ಸಲಾ? ಮೊನ್ನಿ ಯಾಕ ಇಲ್ಲ ಅಂದಿ?”

ಫೋನ್ ಎಲ್ಲಿತ್ತು ಎಂಬುದನ್ನು ಆ ಕಂಪನಿ ನಿಮಿಷದ ಲೆಕ್ಕದಲ್ಲಿ ಬರೆದಿಟ್ಟಿತ್ತು. ಯಾಕೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಅವಳ ಮಾತಿಗೆ ಆ ಕೋಣೆಯಲ್ಲಿ ನೀಲಿ ಗೆರೆಯಷ್ಟು ಬೆಲೆ ಇರಲಿಲ್ಲ.

ಆಗ ನಾನು ಮಾತಾಡಿದೆ. ಓದಿನಲ್ಲಿ ಮುಂದಿದ್ದಾಳೆ, ಇನ್ನು ಒಂದೂವರೆ ವರ್ಷ ಉಳಿದಿದೆ, ಬಿಡಿಸಬೇಡಿ ಎಂದೆ. ಅಪ್ಪ ಮೊದಲ ಬಾರಿಗೆ ಬಾಯಿ ಬಿಟ್ಟು, “ಮುಗಸ್ಲಿ ತಮ್ಮಾ” ಎಂದರು. ಕಾಕಾ ಒಪ್ಪಿದರು. ಆದರೆ ಷರತ್ತು ಹಾಕಿದರು: ಆ ಮೇಲ್ ಇನ್ನು ತಮ್ಮ ಫೋನಿನಲ್ಲೇ ಇರುತ್ತದೆ. ಹುಡುಗಿ ಫೋನನ್ನು ಚಾಲೂ ಇಟ್ಟುಕೊಂಡೇ ಹೋಗಬೇಕು. ನಕ್ಷೆಯಲ್ಲಿ ಫೋನಿನ ಚುಕ್ಕಿ ಅಥಣಿಯ ದಾರಿ ಬಿಟ್ಟು ಎಲ್ಲಾದರೂ ಕಂಡರೆ ಆ ದಿನವೇ ಕಾಲೇಜು ಮುಗಿಯಿತು. ಹೋಗುವಾಗ ನನಗೆ ಕೈ ಮುಗಿದರು. “ಕಂಪನಿಯಾರು ಭಾರಿ ಚಲೋ ಮಾಡ್ಯಾರ ಬಿಡ್ರಿ. ಇನ್ನ ಮ್ಯಾಲ ನಮಗ ಚಿಂತಿಲ್ಲ.”

ಅವಳ ಪದವಿ ಮುಗಿಯಿತು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಅದಕ್ಕೂ ಮೊದಲು, ಕೊನೆಯ ವರ್ಷದಲ್ಲಿ, ಅವಳು ಒಮ್ಮೆ ನನ್ನನ್ನು ಕಾಗವಾಡದ ಬಸ್ ನಿಲ್ದಾಣಕ್ಕೆ ಬರಲು ಹೇಳಿ ಕಳಿಸಿದಳು. ಶಾಲೆಗೂ ನನ್ನ ಮನೆಗೂ ಅವಳು ಬರುವ ಹಾಗಿರಲಿಲ್ಲ. ಬಸ್ಸು ಬದಲಿಸುವ ಆ ನಿಲ್ದಾಣದಲ್ಲಿ ಚುಕ್ಕಿ ದಿನವೂ ನಿಲ್ಲುತ್ತಿತ್ತು, ಆದ್ದರಿಂದ ಅಲ್ಲಿ ಮಾತ್ರ ಮಾತಾಡಬಹುದಿತ್ತು. ಒಂದು ಹೊಸ ಇ-ಮೇಲ್ ಮಾಡಿಕೊಡಿ ಎಂದಳು. ಮುಂದೆ ಎಂ.ಎಸ್ಸಿ.ಗೆ ಅರ್ಜಿ ಹಾಕಬೇಕು, ಅದಕ್ಕೆ ತನ್ನ ಹೆಸರಿನದೇ ಮೇಲ್ ಬೇಕು, ಸೀಟು ಸಿಕ್ಕುವವರೆಗೆ ಮನೆಯಲ್ಲಿ ಗೊತ್ತಾಗಬಾರದು.

ನನ್ನ ಫೋನಿನಲ್ಲಿ ಶುರು ಮಾಡಿದೆವು. ಹೆಸರು ಹಾಕಿದಳು. ಮೊಬೈಲ್ ನಂಬರ್ ಕೇಳಿತು. ನನ್ನದನ್ನು ಹಾಕಿದರೆ, ಇದನ್ನು ಈಗಾಗಲೇ ಬಹಳ ಸಲ ಬಳಸಲಾಗಿದೆ ಎಂದಿತು.

“ಯಾರ್ದು ಹಾಕೂದ್ರಿ ಟೀಚರ್?”

ಅವಳು ಬೆರಳು ಮಡಚುತ್ತ ಎಣಿಸಿದಳು. ತನ್ನ ಸಿಮ್ ಕಾಕಾನ ಹೆಸರಿನಲ್ಲಿದೆ, ಬಂದ ಮೆಸೇಜು ರಾತ್ರಿ ಅವರು ನೋಡುತ್ತಾರೆ. ಅಪ್ಪನ ಫೋನ್ ಕಾಕಾನ ಕೈಯಲ್ಲಿರುತ್ತದೆ. ಅವ್ವನಿಗೆ ಫೋನಿಲ್ಲ. ಗೆಳತಿಯದು ಅವಳ ಅಣ್ಣನದು. ತನ್ನದೇ ನಂಬರ್ ಇರುವ ಇನ್ನೊಬ್ಬ ಹೆಂಗಸೂ ನಮ್ಮಿಬ್ಬರಿಗೆ ನೆನಪಾಗಲಿಲ್ಲ. ನಾನು ಇನ್ನೊಂದು ಸಿಮ್ ತೆಗೆದುಕೊಳ್ಳುತ್ತೇನೆ ಎಂದೆ. ಎಷ್ಟು ದಿನ ಬೇಕು ಎಂದು ಕೇಳಿದಳು. ನಾಲ್ಕೈದು ದಿನ ಎಂದೆ. ಅರ್ಜಿಗೆ ನಾಳೆಯೇ ಕೊನೆಯ ದಿನ ಎಂದಳು.

“ಮಿರಜಿಗೆ ಯಾಕ ಹೋಗಿದ್ದೆ ಅಂತ ನೀವು ಕೇಳಲೇ ಇಲ್ಲ” ಎಂದಳು.

“ಹೇಳಬ್ಯಾಡವಾ.”

ಅವಳು ತಲೆಯಾಡಿಸಿದಳು. ಅಥಣಿಯ ಬಸ್ಸು ಬಂತು. ಅದನ್ನು ಬಿಟ್ಟು ಮುಂದಿನದಕ್ಕೆ ಹೋಗೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಚುಕ್ಕಿ ಇಲ್ಲಿ ಆಗಲೇ ಇಪ್ಪತ್ತು ನಿಮಿಷ ನಿಂತಿತ್ತು. ಹೆಸರಿನ ಜಾಗ ತುಂಬಿ ನಂಬರಿನ ಜಾಗ ಖಾಲಿ ಉಳಿದ ಆ ಪುಟವನ್ನು ಅವಳು ತಾನೇ ಮುಚ್ಚಿ, ಫೋನನ್ನು ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದಳು.