ಒಂದು ಗೂಡು ಬಿಟ್ಟು

ಶಿಡ್ಲಘಟ್ಟದಲ್ಲಿ ವೇಳಾಪಟ್ಟಿ ಹಾಕಿಕೊಂಡು ಮಗಳಿಗೆ ನಾನೇ ಮನೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳು. ಪಕ್ಕದ ಮನೆಯ ತಾತ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರು. ಬಿಸಿನೀರಿಗೆ ಬಿಳಿಚಿದ ಬೆರಳುಗಳನ್ನು ಲುಂಗಿಗೆ ಒರೆಸುತ್ತಾ, "ಪಾಠ ಎಲ್ಲೂ ಓಡೋಗಲ್ಲ ಬಿಡಮ್ಮ" ಅನ್ನುವರು. ಚಿಟ್ಟೆ ಹೊರಬರುವುದನ್ನು ನೋಡಿ ಬರೆದಿಡಬೇಕೆಂದ ಮಗಳಿಗೆ ಒಂದು ಗೂಡು ಕೊಟ್ಟಿದ್ದರು.

ಒಂದು ಬೆಳಿಗ್ಗೆ ಗಣಿತದ ನಡುವೆ, ಚಿಟ್ಟೆ ಹೊರಬರುವ ಸೂಚನೆಯಾಗಿ ಗೂಡಿನ ತುದಿ ಒದ್ದೆಯಾಯಿತು. ಮಗಳು ಕೂಗಿದಳು. ತಾತ ಓಡಿಬಂದು ನೆಲದ ಮೇಲೆ ಕೂತರು.

"ಒಲೆ ಮೇಲೆ ಗೂಡು ಬೇಯ್ತಿದೆಯಲ್ಲ ತಾತ?" ಎಂದೆ.

"ಬೇಯ್ಲಿ ಬಿಡಮ್ಮ. ನಲವತ್ತು ವರ್ಷದಿಂದ ಬೇಯಿಸ್ತಾನೇ ಇದೀನಿ. ಇದು ಹೊರಗ್ ಬರೋದನ್ನ ಒಂದ್ಸಲಾನೂ ಕೂತು ನೋಡಿಲ್ಲ."

ಅವತ್ತು ಗಣಿತ ಆಗಲಿಲ್ಲ. ಆಮೇಲೆ ತಾತ ಹೊಸ ಗೂಡು ತಂದಾಗಲೆಲ್ಲ, ಒಂದನ್ನು ನಮ್ಮ ಕಿಟಕಿಯಲ್ಲಿಟ್ಟೇ ಒಲೆ ಹಚ್ಚುತ್ತಿದ್ದರು.