ಎಳೆತ ನೋಡುವ ಕೈ

ಮುಳಬಾಗಿಲಿನಲ್ಲಿ ನಮ್ಮ ಯಜಮಾನರದು ಟ್ರ್ಯಾಕ್ಟರ್ ರಿಪೇರಿ ಶೆಡ್ಡು. ಅದರ ಹಿಂದಿನ ಕೋಣೆಯೇ ಮನೆ. ಮದುವೆಯಾದ ಐದನೇ ವರ್ಷ, ಪಿಸ್ಟನ್ ಕಾಯಿಸುವ ಎಣ್ಣೆ ಬಿದ್ದು ಅವರ ಬಲಗೈ ಬೆರಳುಗಳು ಸುಟ್ಟವು. ಗಾಯ ಮಾಯಿತು, ಸ್ಪರ್ಶ ಮರಳಲಿಲ್ಲ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಹಳೆಯ ಎಂಜಿನ್ನಿನ ಸವೆದ ಕೊಳವೆಗಳನ್ನು ಕೊರೆಸಿ ಬೋರ್ ಮಾಡಿಸಿ ತಂದ ಮೇಲೆ ಯಾವ ಪಿಸ್ಟನ್ ಯಾವ ಬೋರಿಗೆ ಎಂದು ಹೊಂದಿಸಬೇಕು. ನಾಲ್ಕು ಪಿಸ್ಟನ್ನುಗಳೂ ಕಣ್ಣಿಗೆ ಒಂದೇ, ಆದರೆ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಪಿಸ್ಟನ್ನನ್ನು ಬೋರಿನೊಳಗೆ ತಲೆಕೆಳಗಾಗಿ ಇಳಿಸಿ, ಪಕ್ಕದಲ್ಲಿ ಉಕ್ಕಿನ ತೆಳು ಪಟ್ಟಿ ಸೇರಿಸಿ ಎಳೆದು ನೋಡುತ್ತಾರೆ. ಸಡಿಲವಾದರೆ ಹೊಗೆ, ಬಿಗಿಯಾದರೆ ಎಂಜಿನ್ ಕಚ್ಚಿಕೊಂಡು ಸೀಜ್.

"ಹಟ ಮಾಡೋ ಮಗು ಕೈಯಿಂದ ಕಡ್ಡಿ ಬಿಡಿಸ್ಕೊಂಡಂಗೆ ಬರಬೇಕು ಕಣೇ," ಎಂದು ಕಲಿಸಿದರು. ಅಂದಿನಿಂದ ಬಾಗಿಲು ಹಾಕಿಕೊಂಡು ನಾನು ಎಳೆಯುತ್ತಿದ್ದೆ, ಅವರು ಗುರುತು ಹಾಕುತ್ತಿದ್ದರು. ಅವರ ಕೈಗುಣವನ್ನು ಹೊಗಳಿಕೊಂಡು ಶ್ರೀನಿವಾಸಪುರದಿಂದಲೂ ಜನ ಬರುತ್ತಿದ್ದರು. ಮಾಸ್ತಿಯ ತವರಿನಲ್ಲಿ ನಾನು ಎರಡು ದಿನಕ್ಕಿಂತ ಹೆಚ್ಚು ನಿಂತವಳಲ್ಲ.

ಬೈರಕೂರಿನ ಟ್ರ್ಯಾಕ್ಟರಿನದು ಅವರ ಕೊನೆಯ ಕೆಲಸ. ನಾಲ್ಕನ್ನೂ ಎಳೆದು ಯಾವುದು ಎಲ್ಲಿಗೆಂದು ಹೇಳಿದ್ದೆ. ಎರಡಕ್ಕೆ ಗುರುತು ಹಾಕಿ ಊಟಕ್ಕೆ ಕುಳಿತವರು ಏಳಲಿಲ್ಲ.

ತಿಥಿ ಮುಗಿದ ಮೇಲೆ, ಅವರ ಹತ್ತಿರ ಕೆಲಸ ಕಲಿತಿದ್ದ ಕೋಲಾರದ ಮೆಕ್ಯಾನಿಕ್ ಒಬ್ಬ ಅದನ್ನು ಮುಗಿಸಲು ಬಂದ.

"ಅಣ್ಣ ಇಲ್ದೆ ಇವು ನನ್ನ ಮಾತು ಕೇಳ್ತಾವಾ ಅಕ್ಕ? ನನ್ನ ಹೆಂಡ್ತೀನೇ ಕೇಳಲ್ಲ," ಎನ್ನುತ್ತ ಮೂರನೇ ಬೋರಿನ ಪಟ್ಟಿ ಎಳೆದ. "ಸರಿಯಾಗೈತೆ."

ಸರಿಯಾಗಿರಲಿಲ್ಲ. ಬಿಗಿಗೆ ಅವನ ಮುಂಗೈ ನರ ಉಬ್ಬಿತ್ತು. ಸುಮ್ಮನಿದ್ದರೆ ಎಂಜಿನ್ ಉಳುಮೆಯ ನಡುವೆ ನಿಂತು, ಅದಕ್ಕೆ ಗುರುತು ಹಾಕಿದ್ದ ಯಜಮಾನರ ಹೆಸರು ಕೆಡುತ್ತಿತ್ತು. ಬಾಯಿಬಿಟ್ಟರೆ ಇಷ್ಟು ವರ್ಷ ಆ ಕೈ ಯಾರದೆಂದು ತಿಳಿದು ಇನ್ನೂ ಕೆಡುತ್ತಿತ್ತು.

"ಕೊನೇಲಿರೋ ಪಿಸ್ಟನ್ನ ಮೂರನೇ ಬೋರಿಗೆ ಹಾಕ್ಬೇಕು ಅಂತ ಅವತ್ತು ಹೇಳ್ತಿದ್ರಪ್ಪ," ಎಂದೆ. ನಾನು ಅವರಿಗೆ ಹೇಳಿದ್ದನ್ನೇ ಅವರು ಹೇಳಿದಂತೆ ಹೇಳಿದೆ.

ಅದಲುಬದಲು ಮಾಡಿ ಎಳೆದ. ಪಟ್ಟಿ ಹಟ ಮಾಡುತ್ತ ಬಂತು.

"ಹೋದ್ಮೇಲೂ ಅಣ್ಣಂದೇ ಕೈ ನೋಡಕ್ಕ," ಎಂದು ಕಣ್ಣೊರೆಸಿಕೊಂಡ.

ಶೆಡ್ಡನ್ನು ಅವನಿಗೇ ಬಾಡಿಗೆಗೆ ಕೊಟ್ಟೆ. ನಾನು ಹಿಂದಿನ ಕೋಣೆಯಲ್ಲೇ ಉಳಿದೆ. ಗೋಡೆಯಾಚೆ ಪಟ್ಟಿ ಎಳೆಯುವ ಸದ್ದು ಕೇಳುತ್ತದೆ. ಬಿಗಿಯಾದರೆ ಆ ಸದ್ದೇ ಬೇರೆ. ಅಕ್ಕಿ ಆರಿಸುವ ಕೈ ನಿಲ್ಲುತ್ತದೆ. ಆದರೆ ಯಜಮಾನರು ಕಣ್ಣಲ್ಲೂ ಕಾಣದ ಎಂಜಿನ್ನಿನ ಬಗ್ಗೆ ಅವರು ಹೇಳಿದ್ದರು ಎನ್ನುವಂತಿಲ್ಲ.