ಕ್ಷಮಾಪಣೆ ಪತ್ರಕ್ಕೆ ನಾನು ಸಹಿ ಹಾಕಲಿಲ್ಲ

ತೆರಕಣಾಂಬಿಯಿಂದ ಚಾಮರಾಜನಗರಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ನಾನು ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಓದಿದೆ. ಎರಡು ಸಾವಿರದ ದಶಕದ ಕೊನೆಯ ವರ್ಷಗಳವು. ಮೂರನೇ ಸೆಮಿಸ್ಟರಿಗೆ ನೆಟ್‌ವರ್ಕ್ ಸೆಕ್ಯುರಿಟಿ ಬಂತು. ಪಾಠ ಮಾಡುವ ಸರ್ ತರಗತಿಯಲ್ಲಿ ನೋಟ್ಸ್ ಬರೆಸುತ್ತಿದ್ದರು. ಲ್ಯಾಬಿನಲ್ಲೂ ಬರವಣಿಗೆಯೇ. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಮುಂದಿಟ್ಟುಕೊಂಡು, ನಾವು ಮಾಡದ ಪ್ರಯೋಗಕ್ಕೆ ಬಾರದ ಫಲಿತಾಂಶವನ್ನು ಅಂದವಾಗಿ ನಕಲು ಮಾಡಬೇಕು. ಕೀಬೋರ್ಡ್ ಮುಟ್ಟಿದರೆ, "ಕೆಡಿಸಿಬಿಟ್ಟೀರಿ" ಎಂಬ ಎಚ್ಚರಿಕೆ.

ನನಗೆ ಅದು ಅವಮಾನ ಅನ್ನಿಸುತ್ತಿತ್ತು.

ಸಿಲಬಸ್ಸಿನ ಆರನೇ ಪ್ರಯೋಗ, ನೆಟ್‌ವರ್ಕಿನಲ್ಲಿ ಹರಿಯುವ ಮಾಹಿತಿಯನ್ನು ಹಿಡಿದು ನೋಡುವುದು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಲ್ಯಾಬಿನ ಕಂಪ್ಯೂಟರುಗಳಲ್ಲೇ ಇತ್ತು. ಒಂದು ಮಧ್ಯಾಹ್ನ ಎಲ್ಲರೂ ತಲೆ ತಗ್ಗಿಸಿ ನಕಲು ಮಾಡುತ್ತಿದ್ದಾಗ ನಾನು ಅದನ್ನು ತೆರೆದೆ. ಪಕ್ಕದಲ್ಲಿ ಹರದನಹಳ್ಳಿಯ ನನ್ನ ಗೆಳತಿ ಕೂತಿದ್ದಳು. ನಮ್ಮ ಲ್ಯಾಬಿನ ಕಂಪ್ಯೂಟರುಗಳನ್ನು ಜೋಡಿಸಿದ್ದ ಹಳೆಯ ಪೆಟ್ಟಿಗೆ, ಒಬ್ಬರಿಗೆ ಕಳಿಸಿದ್ದನ್ನು ಎಲ್ಲರಿಗೂ ತಲುಪಿಸುವಂಥದ್ದು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಮೂಲೆಯ ಮೇಜಿನಲ್ಲಿ ಸರ್ ಅಂಕ ತುಂಬಲು ಸರ್ವರಿಗೆ ಲಾಗಿನ್ ಆಗುತ್ತಿದ್ದರು. ಅವರು ಒತ್ತಿದ ಅಕ್ಷರಗಳು ನನ್ನ ಪರದೆಯ ಮೇಲೆ ಒಂದೊಂದಾಗಿ ಮೂಡಿದವು. ಮೊದಲು ಹೆಸರು, ಆಮೇಲೆ ಪಾಸ್‌ವರ್ಡ್. ಯಾವ ಮರೆಯೂ ಇಲ್ಲದೆ.

ತಕ್ಷಣ ಮುಚ್ಚಿದೆ. ಲ್ಯಾಬ್ ಮುಗಿದ ಮೇಲೆ ಸರ್ ಒಬ್ಬರೇ ಇದ್ದಾಗ ಹೋಗಿ ಮೆಲ್ಲಗೆ ಹೇಳಿದೆ.

"ಸಾರ್, ನಿಮ್ ಪಾಸ್‌ವರ್ಡ್ ನೆಟ್‌ವರ್ಕಲ್ಲಿ ಎಲ್ಲರಿಗೂ ಕಾಣಂಗೆ ಹೋಗ್ತಾ ಇದೆ. ಬದಲಾಯಿಸ್ಕೊಳಿ."

ಅವರ ಮುಖ ಕೆಂಪಾಯಿತು. "ಇದನ್ನೆಲ್ಲ ನೋಡು ಅಂತ ಯಾರು ಹೇಳಿದ್ರು ನಿಂಗೆ?"

"ಸಿಲಬಸ್ಸಲ್ಲಿದೆ ಸಾರ್. ಆರನೇ ಪ್ರಯೋಗ."

ಮಾರನೆಯ ದಿನ ಪ್ರಿನ್ಸಿಪಾಲರ ಕರೆ ಬಂತು. ನಾನು ಪಾಸ್‌ವರ್ಡ್ ಕದ್ದಿದ್ದೇನಂತೆ, ತಂದೆಯನ್ನು ಕರೆತರಬೇಕಂತೆ. ಗೆಳತಿ ಹೆದರಿಹೋಗಿದ್ದಳು. "ತೆಪ್ಪಗೆ ತಪ್ಪಾಯ್ತು ಅಂದ್ಬುಡು ಕಣಮ್ಮಿ. ಇಂಟರ್ನಲ್ ಮಾರ್ಕ್ಸು ಅವ್ರ ಕೈಲೇ ಐತೆ."

ಅಪ್ಪ ಅರಿಸಿನದ ಹೊಲದ ಕೆಲಸ ಬಿಟ್ಟು, ಒಗೆದ ಪಂಚೆ ಉಟ್ಟು ಬಂದರು. ಪ್ರಿನ್ಸಿಪಾಲರ ಮೇಜಿನ ಮೇಲೆ ಟೈಪು ಮಾಡಿದ ಪತ್ರ ತಯಾರಾಗಿತ್ತು. ಕಳ್ಳತನದ ಉದ್ದೇಶದಿಂದ ನೋಡಿದ್ದೇನೆ, ಕ್ಷಮಿಸಬೇಕು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಕೆಳಗೆ ನನ್ನ ಸಹಿಗೆ ಜಾಗ. ಸರ್ ಕಿಟಕಿಯ ಬಳಿ ನಿಂತಿದ್ದರು.

ಅಪ್ಪನಿಗೆ ಪತ್ರ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾದದ್ದು ದೊಡ್ಡವರ ಕೋಪ ಮಾತ್ರ. "ಒಂದ್ ಸೈನ್ ಆಕ್ಬುಡು ಕಣವ್ವಾ, ಓಗನ" ಎಂದರು.

"ಆಕಲ್ಲ ಅಪ್ಪಾ. ನಾನ್ ಕದ್ದಿಲ್ಲ."

"ದೊಡ್ಡೋರ್ ಮುಂದೆ ಏನಮ್ಮಿ ಇದು!"

ಅಪ್ಪನ ಧ್ವನಿ ನಡುಗಿದ್ದು ಕೇಳಿ ನನಗೆ ನೋವಾಯಿತು. ಆದರೂ ಪೆನ್ನು ತೆಗೆದುಕೊಂಡು ಆ ಸಾಲುಗಳ ಮೇಲೆ ಗೀಟು ಎಳೆದೆ. ಕೆಳಗೆ ಬರೆದೆ: ಸಿಲಬಸ್ಸಿನ ಆರನೇ ಪ್ರಯೋಗ ಮಾಡಿದೆ. ಪಾಸ್‌ವರ್ಡ್ ಕಂಡಿತು. ಯಾರದ್ದೋ ಅವರಿಗೆ ಅಂದೇ ತಿಳಿಸಿದೆ. ಬಳಸಿಲ್ಲ, ಬೇರೆ ಯಾರಿಗೂ ಹೇಳಿಲ್ಲ. ಇಷ್ಟಕ್ಕೆ ಸಹಿ ಹಾಕಿ ಮೇಜಿನ ಮೇಲಿಟ್ಟು ಪ್ರಿನ್ಸಿಪಾಲರಿಗೆ ಹೇಳಿದೆ.

"ಸಾರ್, ಹೊಸದೊಂದು ಅಕೌಂಟ್ ಮಾಡ್ಸಿ. ನಿಮ್ಗೆ ತೋಚಿದ ಪದ ನೀವೇ ಪಾಸ್‌ವರ್ಡ್ ಇಟ್ಕೊಳಿ. ಕದಿಯೋದು ಬೇಕಾಗಿಲ್ಲ ಅಂತ ತೋರಿಸ್ತೀನಿ."

ಪ್ರಿನ್ಸಿಪಾಲರು ಎದ್ದು ಲ್ಯಾಬಿನ ಕಡೆ ನಡೆದರು.

ಲ್ಯಾಬಿನಲ್ಲಿ ಅವರು ಎರಡೇ ಬೆರಳಲ್ಲಿ ನಿಧಾನವಾಗಿ ಒತ್ತಿದರು. ನಾನು ಇನ್ನೊಂದು ತುದಿಯಲ್ಲಿ ಕೂತು, ಪರದೆಯಲ್ಲಿ ಬಂದ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಾ ಹೋದೆ. ಬದನೆಕಾಯಿ! ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಬದನೆಕಾಯಿ ಅಂತ ಬರೆದಿದ್ದರು. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ನಗು ಬಂತು, ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಪ್ರಿನ್ಸಿಪಾಲರು ನಗಲಿಲ್ಲ. ಸರ್ ಕಡೆ ತಿರುಗಿ, "ಎಷ್ಟು ದಿನದಿಂದ ಹೀಗಿದೆ ಇದು?" ಎಂದು ಕೇಳಿದರು.

ಟೈಪು ಮಾಡಿದ ಪತ್ರ ಹರಿದು ಕಸದ ಬುಟ್ಟಿ ಸೇರಿತು. ನನ್ನನ್ನು ಯಾರೂ ಹೊಗಳಲಿಲ್ಲ, ನಾನೂ ಅದಕ್ಕೆ ಕಾಯಲಿಲ್ಲ. ಕೆಲವು ದಿನಗಳಲ್ಲಿ ಸರ್ವರಿಗೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ವ್ಯವಸ್ಥೆ ಬಂತು, ಸದ್ದಿಲ್ಲದೆ. ಇಂಟರ್ನಲ್‌ನಲ್ಲಿ ಇಡೀ ತರಗತಿಗೇ ನನ್ನದು ಕಡಿಮೆ ಅಂಕ. ಕಾರಣ ಕೇಳಿದಾಗ ಸರ್ ಹೇಳಿದ್ದು, "ರೆಕಾರ್ಡ್ ನೀಟಾಗಿಲ್ಲ."

ನಿಜವೇ. ಆ ಪುಸ್ತಕದ ತುಂಬ ಗೀಟು, ತಿದ್ದುಪಡಿ. ಮೂರು ಸಲ ಸೋತ ಪ್ರಯೋಗವನ್ನು ಮೂರು ಸಲವೂ ಸೋತೆ ಎಂದೇ ಬರೆದಿದ್ದೆ. ಮುಂದೆಯೂ ಹಾಗೇ ಬರೆಯುತ್ತೇನೆ ಸಾರ್, ಎಂದು ಹೇಳಿ ಬಂದೆ.

ಮುಂದಿನ ವಾರದ ಲ್ಯಾಬಿನಲ್ಲಿ ಗೆಳತಿ ತನ್ನ ರೆಕಾರ್ಡ್ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. "ನಂಗೂ ತೋರ್ಸಮ್ಮಿ" ಅಂದಳು. ಅವಳ ಹಿಂದೆ ಇನ್ನೂ ನಾಲ್ಕು ಹುಡುಗಿಯರು ಕುರ್ಚಿ ಎಳೆದುಕೊಂಡರು. ಸರ್ ಮೂಲೆಯಿಂದ ನೋಡಿದರು. ನಾನು ಮೊದಲನೇ ಪ್ರಯೋಗದಿಂದ ಶುರು ಮಾಡಿದೆ.